ಒಂಬತ್ತನೇ ಕ್ಲಾಸಿನ ಇತಿಹಾಸ ವರದಿ: ಗವಾನ್ ಮದರಸಾ ಬಗ್ಗೆ ಯಾವುದು ಮೊದಲು, ಯಾವುದು ಆಮೇಲೆ?

ಚೌಬಾರಾ ಕಡೆಯವ, ಬೀದರ್
ನಮಸ್ಕಾರ ರೀ. ಮಗ ಒಂಬತ್ತನೇ ಕ್ಲಾಸ್. ಊರಿನ ಒಂದು ಸ್ಮಾರಕದ ಮೇಲೆ ಸಂಶೋಧನಾ ವರದಿ ಬರೆಯಬೇಕು, ಎಂಟು ಪುಟ ಮೀರಬಾರದು. ಮಾರ್ಕ್ಸ್ ಇದೆ. ಅವನು ಮಹಮೂದ್ ಗವಾನ್ ಮದರಸಾ ತಗೊಂಡಿದ್ದಾನೆ. ಬರೆದದ್ದು ನೋಡಿದೆ. 1347ರಲ್ಲಿ ಬಹಮನಿ ರಾಜ್ಯ ಶುರುವಾಗಿ, ಸುಲ್ತಾನರ ಹೆಸರೆಲ್ಲ ಮುಗಿದು, ಮದರಸಾ ಬರುವಷ್ಟರಲ್ಲಿ ಆರನೇ ಪುಟ! ಫೋಟೊ ಎಲ್ಲ ಮೊಬೈಲಿನಿಂದ ಇಳಿಸಿದ್ದು. ಹೇಗೆ ಜೋಡಿಸಬೇಕು, ಯಾರಾದರೂ ಹೇಳಿ.

ಝೆರಾಕ್ಸ್ ಅಂಗಡಿ, ಹುಮನಾಬಾದ್
ಪೀಠಿಕೆ, ವಿವರಣೆ, ಉಪಸಂಹಾರ, ಆಕರಗಳು. ಇಷ್ಟೇ ಅಣ್ಣಾ. ಕವರ್ ಪೇಜ್ ಚಂದ ಇರಲಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ.

ರಿಟೈರ್ಡ್ ಮೇಷ್ಟ್ರು, ಭಾಲ್ಕಿ
ಬೈಂಡಿಂಗ್‌ಗೆ ಯಾವ ಮೇಷ್ಟ್ರೂ ಮಾರ್ಕ್ಸ್ ಕೊಡುವುದಿಲ್ಲ, ಕೊಡಲೂಬಾರದು. ಹೈಸ್ಕೂಲಿನಲ್ಲಿ ಇಂಥವನ್ನು ತಿದ್ದಿ ತಿದ್ದಿಯೇ ರಿಟೈರ್ ಆದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹುಡುಗನ ಹತ್ತಿರ ವಿಷಯ ಬೇಕಾದಷ್ಟಿದೆ, ಪ್ರಶ್ನೆ ಇಲ್ಲ. ಅದಕ್ಕೇ ಎಲ್ಲಾ ತುಂಬಿದ್ದಾನೆ. ಅವನನ್ನು ಕರೆದುಕೊಂಡು ಹೋಗಿ ಮದರಸಾ ಮುಂದೆ ನಿಲ್ಲಿಸಿ. ನಿಮ್ಮ ಕಡೆಯಿಂದ ನಡೆದೇ ಹೋಗಬಹುದು. ಮುಂಭಾಗದಲ್ಲಿ ಒಂದು ಮಿನಾರ್ ನಿಂತಿದೆ, ಅದರ ಜೋಡಿ ಇಲ್ಲ. ‘ಯಾಕಪ್ಪಾ, ಇನ್ನೊಂದು ಏನಾಯಿತು?’ ಅಂತ ಅವನೇ ಕೇಳುತ್ತಾನೆ. ಅದೇ ವರದಿಯ ಪ್ರಶ್ನೆ. ಮೊದಲ ಪುಟದಲ್ಲೇ ಬರೆಯಲಿ.

ಆಮೇಲೆ ಏನು ಬಿಡಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ. ಸುಲ್ತಾನರ ಪಟ್ಟಿ ಪೂರ್ತಿ ತೆಗೆಯಿರಿ. ಹಿನ್ನೆಲೆಗೆ ಅರ್ಧ ಪುಟ ಸಾಕು. ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂತು. ಇರಾನಿನ ಗೀಲಾನ್ ಕಡೆಯಿಂದ ವ್ಯಾಪಾರಕ್ಕೆ ಬಂದ ಗವಾನ್ ಇಲ್ಲಿ ಮಂತ್ರಿಯಾದ, 1472ರಲ್ಲಿ ಮದರಸಾ ಕಟ್ಟಿಸಿದ, 1481ರಲ್ಲಿ ಸುಲ್ತಾನನೇ ಅವನನ್ನು ಕೊಲ್ಲಿಸಿದ. ಮುಗಿಯಿತು.

ನಂತರ ಕಟ್ಟಡ, ಕಣ್ಣಾರೆ ಕಂಡದ್ದು ಮಾತ್ರ. ಮೂರು ಅಂತಸ್ತು, ನಡುವೆ ಅಂಗಳ, ಸುತ್ತ ಕೋಣೆಗಳು. ಗೋಡೆಯ ಮೇಲೆ ನೀಲಿ, ಬಿಳಿ ಟೈಲ್ಸ್ ಅಲ್ಲಲ್ಲಿ ಉಳಿದಿವೆ. ಟೈಲ್ಸ್ ಮುಗಿದು ಬೋಳು ಗೋಡೆ ಶುರುವಾಗುವ ಅಂಚು ಇದೆಯಲ್ಲ, ಅದರ ಫೋಟೊ ಅವನೇ ತೆಗೆಯಲಿ. ಕೆಳಗೆ ಯಾವ ಗೋಡೆ, ಯಾವ ದಿನ ಅಂತ ಬರೆಯಲಿ. ಆಗ ಫೋಟೊ ಸಾಕ್ಷಿಯಾಗುತ್ತದೆ. ಇಳಿಸಿಕೊಂಡದ್ದು ಸುಮ್ನೆ ಅಲಂಕಾರ.

ಇನ್ನು ಮುಖ್ಯ ಭಾಗ. 1657ರಲ್ಲಿ ಔರಂಗಜೇಬ್ ಬೀದರ್ ಗೆದ್ದ. ಮುಂದೆ ಮೊಗಲರ ಸೈನ್ಯ ಮದರಸಾದಲ್ಲಿ ಮದ್ದಿನ ಪುಡಿ ಇಟ್ಟಿತ್ತು, 1696ರಲ್ಲಿ ಅದು ಸಿಡಿದು ಒಂದು ಭಾಗ ಹಾರಿಹೋಯಿತು ಅಂತ ಹೆಚ್ಚಾಗಿ ಹೇಳುತ್ತಾರೆ. ಸಿಡಿಲು ಬಡಿಯಿತು ಅನ್ನುವವರೂ ಇದ್ದಾರೆ. ಎರಡನ್ನೂ ಬರೆಯಲಿ, ಎಲ್ಲಿ ಓದಿದ, ಯಾರು ಹೇಳಿದರು ಅನ್ನುವುದರ ಸಮೇತ. ಸಿಡಿಲು ಮದ್ದಿಗೇ ತಗುಲಿರಬಹುದಾ? ಹಾಗಾದರೆ ಎರಡು ಮಾತಿಗೂ ಜಗಳವೇ ಇಲ್ಲ ಅಲ್ವಾ? ಅವನಿಗೆ ಯಾವುದು ಸರಿ ಅನಿಸುತ್ತದೆ, ಯಾಕೆ? ಮಾರ್ಕ್ಸ್ ಇರುವುದು ಇಲ್ಲಿ. ಮೂರು ಪುಟ ಇದಕ್ಕೇ ಹೋಗಲಿ.

ಎಂ.ಎ. ಹಿಸ್ಟರಿ, ಕಲಬುರಗಿ
ಸರ್, ಗವಾನ್ ಸಾವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ! ಆಗದವರು ಅವನ ಮುದ್ರೆ ಒತ್ತಿಸಿಕೊಂಡು, ಒಡಿಶಾದ ರಾಜನಿಗೆ ಅವನೇ ಬರೆದ ಹಾಗೆ ಸುಳ್ಳು ಪತ್ರ ತಯಾರಿಸಿದರು ಅಂತ ಕಥೆ. ಅದನ್ನು ವಿವರವಾಗಿ ಹೇಳುವ ಇತಿಹಾಸಕಾರ ಫೆರಿಷ್ತಾ ವಿಜಯಪುರದ ಆಸ್ಥಾನದಲ್ಲಿ ಕೂತು ಬರೆದದ್ದು ನೂರು ವರ್ಷ ದಾಟಿದ ಮೇಲೆ. ಆಕರವನ್ನು ಎಷ್ಟು ನಂಬಬೇಕು ಅಂತ ಕಲಿಸಲು ಇದಕ್ಕಿಂತ ಬೇಕಾ?

ರಿಟೈರ್ಡ್ ಮೇಷ್ಟ್ರು, ಭಾಲ್ಕಿ
ಬೇಡ ತಂಗಿ, ಅದು ಚಿನ್ನದಂಥ ವಿಷಯ. ಆದರೆ ಅದು ಗವಾನನ ವರದಿ, ಇದು ಕಟ್ಟಡದ್ದು. ಎರಡನ್ನೂ ಎಂಟು ಪುಟಕ್ಕೆ ತುರುಕಿದರೆ ಹುಡುಗ ಮತ್ತೆ ಸುಲ್ತಾನರ ಪಟ್ಟಿಗೇ ಬಂದು ನಿಲ್ಲುತ್ತಾನೆ. ಬೇಕಾದರೆ ಪ್ರಶ್ನೆಯನ್ನೇ ಬದಲಾಯಿಸಲಿ, ನನ್ನ ತಕರಾರಿಲ್ಲ.

ಚೌಬಾರಾ ಕಡೆಯವ, ಬೀದರ್
ಮಿನಾರ್ ಪ್ರಶ್ನೆಯೇ ಇರಲಿ ಅಂತಾನೆ ಸರ್. ಪೀಠಿಕೆ ಆಗಲೇ ಬರೆದಿದ್ದಾನೆ, ಇಟ್ಟುಕೊಳ್ಳೋದಾ?

ರಿಟೈರ್ಡ್ ಮೇಷ್ಟ್ರು, ಭಾಲ್ಕಿ
ಪಕ್ಕಕ್ಕಿಡಿ. ಪ್ರಶ್ನೆ ಒಂದನ್ನು ಈಗ ಬರೆಯಲಿ, ಪೀಠಿಕೆಯ ಉಳಿದದ್ದು ಎಲ್ಲ ಮುಗಿದ ಮೇಲೆ. ಏನು ಹೇಳುತ್ತೇನೆ ಅಂತ ಅವನಿಗೇ ಗೊತ್ತಾಗುವುದು ಆಗಲೇ. ಉಪಸಂಹಾರದಲ್ಲಿ ‘ಸ್ಮಾರಕ ಉಳಿಸೋಣ’ ಅನ್ನುವ ಭಾಷಣ ಬೇಡ, ಪ್ರಶ್ನೆಗೆ ಉತ್ತರ ಇರಲಿ. ಅಲ್ಲಿನ ಬೋರ್ಡಿನ ಸಾಲು ಹಾಗೇ ಇಳಿಸಿದರೆ ಬೋರ್ಡಿನದು ಅಂತ ಹೇಳಲಿ. ಮತ್ತೆ, ಬೆಳಿಗ್ಗೆಯೇ ಹೋಗಿ. ಮುಂಭಾಗ ಪೂರ್ವಕ್ಕಿದೆ, ಟೈಲ್ಸ್ ಬಣ್ಣ ಫೋಟೊದಲ್ಲಿ ಚೆನ್ನಾಗಿ ಬರುತ್ತದೆ.