ಅಪ್‌ಡೇಟ್: ನಿಂತಿದ್ದ ಕಾದಂಬರಿಯನ್ನು ನಾಯಿ ಮುಂದಕ್ಕೆ ನಡೆಸಿತು

ಅರ್ಧಕ್ಕೆ ನಿಂತ ಕಾದಂಬರಿಯನ್ನು ಮುಂದುವರಿಸುವ ದಾರಿ ಕೇಳಿದ್ದೆ; ಉತ್ತರಿಸಿದ ಎಲ್ಲರಿಗೂ ವಂದನೆಗಳು. ರಾತ್ರಿ ಬರೆಯುವ ಸಲಹೆ ನನಗೆ ಒಗ್ಗಲಿಲ್ಲ; ದಿನಕ್ಕೆ 500 ಪದಗಳ ಗುರಿಯಿಂದ ವಾಕ್ಯಗಳು ಸುಮ್ಮನೆ ಉದ್ದವಾದವು. ಫಲಿಸಿದ್ದು, ಬೆಳಿಗ್ಗೆ ನಾಯಿಯನ್ನು ಸುತ್ತಾಡಿಸಿ ಬಂದ ಕೂಡಲೇ, ಫೋನ್ ಮುಟ್ಟದೆ ಬರೆಯಲು ಕೂರಬೇಕೆಂದು ಹಿರಿಯರೊಬ್ಬರು ಕೊಟ್ಟ ಸಲಹೆ. ನಮ್ಮ ಕರಿಯನಿಗೆ ಸ್ಫೂರ್ತಿ, ಬೇಸರ ಎಂಬ ನೆಪಗಳು ತಿಳಿಯುವುದಿಲ್ಲ. ಮಳೆಯಿದ್ದರೂ ಆರು ಗಂಟೆಗೆ ಬಾಗಿಲ ಬಳಿ ಬಂದು ನಿಲ್ಲುತ್ತಾನೆ, ಅವನಿಗಾಗಿ ಏಳಲೇಬೇಕಾದ್ದರಿಂದ ನಾನು ಮೇಜಿನ ಮುಂದೆ ಕೂರುವುದೂ ತಪ್ಪದಾಯಿತು.

ನನಗೆ ಅಚ್ಚರಿ ತಂದ ಸಂಗತಿಯೆಂದರೆ, ನಡಿಗೆಯಿಂದ ಹೊಸ ಆಲೋಚನೆಗಳು ಹೆಚ್ಚುತ್ತವೆ, ನಡೆದು ಬಂದು ಕುಳಿತ ಮೇಲೂ ಆ ಪರಿಣಾಮ ಸ್ವಲ್ಪ ಹೊತ್ತು ಉಳಿಯುತ್ತದೆ ಎಂದು 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ್ದಾರೆ. ಆದ್ದರಿಂದ ಆ ‘ಕೂಡಲೇ’ ಎಂಬ ಮಾತನ್ನು ದಯವಿಟ್ಟು ಕಡೆಗಣಿಸಬೇಡಿ. ನಡುವೆ ಪತ್ರಿಕೆ ಓದಿದ ದಿನಗಳಲ್ಲಿ ನನಗೆ ಏನೂ ಹೊಳೆಯಲಿಲ್ಲ.

ನಿತ್ಯದ ಅದೇ ಬೀದಿಯಲ್ಲಿ ಪ್ರತಿ ಕಂಬವನ್ನೂ ಹೊಸದೆಂಬಂತೆ ಮೂಸುವ ಕರಿಯನೊಂದಿಗೆ ನಿಂತು ನಿಂತು, ಹೂ ಮಾರುವ ಅಜ್ಜಿ ಮೊಳ ಹಾಕುವಾಗ ಕೊನೆಯಲ್ಲಿ ಒಂದು ಗೇಣು ಹೆಚ್ಚೇ ಬಿಡುವುದನ್ನು ಗಮನಿಸಿದೆ; ಆಕೆ ಈಗ ನನ್ನ ಏಳನೆಯ ಅಧ್ಯಾಯದ ಮುಖ್ಯ ಪಾತ್ರ.