ಟೆಂಡರ್ ಷರತ್ತು ನಮ್ಮನ್ನು ಹೊರಗಿಡಲೆಂದೇ ಬರೆದಂತಿದೆ, ಏನು ಮಾಡಬೇಕು?

ಪ್ರಶ್ನೆ (ಗದಗ, ಪ್ರಿಂಟಿಂಗ್ ಪ್ರೆಸ್ ಮಾಲೀಕರು):
ವಕೀಲ ಸಾಹೇಬರೇ, ನಮಸ್ಕಾರ. ನಮ್ಮದು ಸಣ್ಣ ಪ್ರೆಸ್. ಸಣ್ಣ ಉದ್ದಿಮೆಗಳಿಗೆ ಕೊಡುವ ಉದ್ಯಮ್ ನೋಂದಣಿ ಇದೆ, ಜಿಎಸ್‌ಟಿ ಬಾಕಿ ಇಲ್ಲ. ರಾಜ್ಯ ಸರ್ಕಾರದ ಒಂದು ಇಲಾಖೆ ರಿಜಿಸ್ಟರ್, ಫಾರಂ, ರಸೀದಿ ಪುಸ್ತಕ ಮುದ್ರಿಸಲು ರಾಜ್ಯದ ಸರ್ಕಾರಿ ಖರೀದಿ ಪೋರ್ಟಲ್ ಕೆಪಿಪಿಪಿಯಲ್ಲಿ ಟೆಂಡರ್ ಕರೆದಿದೆ. ಅಂದಾಜು ಮೊತ್ತ 40 ಲಕ್ಷ. ಷರತ್ತು ನೋಡಿ: ಮೂರು ವರ್ಷದ ಸರಾಸರಿ ವಹಿವಾಟು 5 ಕೋಟಿ ಇರಬೇಕು. ಇದೇ ಇಲಾಖೆಗೆ ಹಿಂದೆ ಮುದ್ರಿಸಿ ಕೊಟ್ಟಿರಬೇಕು. ನಾಲ್ಕು ಬಣ್ಣದ ಆಫ್‌ಸೆಟ್ ಮೆಷಿನ್ ಸ್ವಂತದ್ದಿರಬೇಕು, ಅದೂ ಒಂದೇ ಕಂಪನಿಯದ್ದು. ರಿಜಿಸ್ಟರ್ ಅಚ್ಚಾಗೋದು ಕಪ್ಪು ಮಸಿಯಲ್ಲಿ ಮಾತ್ರ! ಬಿಡ್ ಹಾಕಲು ಇನ್ನೂ ಎರಡು ವಾರ ಇದೆ. ಸಣ್ಣ ಉದ್ದಿಮೆಗೆ ವಿನಾಯಿತಿ ಇದೆಯಂತೆ, ಹೌದಾ? ಕೋರ್ಟಿಗೆ ಹೋಗಬೇಕಾ, ಬಿಟ್ಟುಬಿಡಬೇಕಾ?

ಉತ್ತರ (ವಕೀಲರು):
ಎರಡು ವಾರ ಇದೆ ಅಂದಿರಲ್ಲ, ನಿಮ್ಮ ಕೈಲಿರುವ ದೊಡ್ಡ ಬಲ ಅದೇ. ನನ್ನ ಬಳಿ ಬರುವವರಲ್ಲಿ ಜಾಸ್ತಿ ಜನ ಬಿಡ್ ತೆರೆದು, ಇನ್ನೊಬ್ಬರಿಗೆ ಕೆಲಸ ಸಿಕ್ಕ ಮೇಲೆ ಬರುತ್ತಾರೆ.

ಮೊದಲು ವಿನಾಯಿತಿ ವಿಷಯ. ನೀವು ಕೇಳಿದ್ದು 2012ರ ಕೇಂದ್ರ ಸರ್ಕಾರದ ಖರೀದಿ ನೀತಿ. ಅದರ ಪ್ರಕಾರ ವರ್ಷದ ಖರೀದಿಯಲ್ಲಿ ಶೇ 25 ಭಾಗವನ್ನು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು. ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿ, ಕಟ್ಟಬೇಕಿಲ್ಲ. ಗುಣಮಟ್ಟ ಸರಿಯಿದ್ದರೆ ಹಿಂದಿನ ಅನುಭವ, ವಹಿವಾಟಿನ ಷರತ್ತನ್ನೂ ಸಡಿಲಿಸಬಹುದು. ಆದರೆ ಅದು ಕೇಂದ್ರದ ಸಚಿವಾಲಯಗಳಿಗೆ, ಕೇಂದ್ರದ ಉದ್ದಿಮೆಗಳಿಗೆ. ರೈಲ್ವೆಯೋ ಬಿಎಸ್‌ಎನ್‌ಎಲ್ಲೋ ಟೆಂಡರ್ ಕರೆದಿದ್ದರೆ ಮಾತು ಬೇರೆ. ನಿಮ್ಮದು ರಾಜ್ಯದ ಇಲಾಖೆ, ಅಲ್ಲಿ ರಾಜ್ಯದ ಸರ್ಕಾರಿ ಖರೀದಿಯ ಕಾನೂನು, 1999ರ ಕೆಟಿಪಿಪಿ ಕಾಯ್ದೆ, ನಡೆಯುತ್ತದೆ. ಉದ್ಯಮ್ ಸರ್ಟಿಫಿಕೇಟ್ ತೋರಿಸಿದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ.

ಇನ್ನು ಷರತ್ತುಗಳು. ಮೂರನ್ನೂ ಒಂದೇ ಉಸಿರಿನಲ್ಲಿ ಬೈಯಬೇಡಿ. ಒಂದೊಂದರ ತೂಕ ಬೇರೆ.

ವಹಿವಾಟಿಗೆ ಲೆಕ್ಕ ಹಾಕಿ. 40 ಲಕ್ಷದ ಕೆಲಸಕ್ಕೆ 5 ಕೋಟಿ ಅಂದರೆ ಹನ್ನೆರಡೂವರೆ ಪಟ್ಟು. ಕೇಂದ್ರ ಜಾಗೃತ ಆಯೋಗ 2002ರ ಡಿಸೆಂಬರ್‌ನಲ್ಲಿ ಕಾಮಗಾರಿ ಟೆಂಡರ್‌ಗಳಿಗೆ ಒಂದು ಅಳತೆ ಕೊಟ್ಟಿತ್ತು: ಮೂರು ವರ್ಷದ ಸರಾಸರಿ ವಹಿವಾಟು ಅಂದಾಜು ಮೊತ್ತದ ಶೇ 30 ಇದ್ದರೆ ಸಾಕು. ಅನುಭವಕ್ಕೆ, ಏಳು ವರ್ಷದಲ್ಲಿ ಅಂದಾಜಿನ ಶೇ 40ರಷ್ಟು ಮೊತ್ತದ ಮೂರು ಕೆಲಸ, ಇಲ್ಲವೇ ಶೇ 50ರ ಎರಡು, ಇಲ್ಲವೇ ಶೇ 80ರ ಒಂದು. ಅದೇ ಅಳತೆಯಲ್ಲಿ ನಿಮ್ಮ ಟೆಂಡರ್‌ಗೆ 12 ಲಕ್ಷದ ವಹಿವಾಟು ಸಾಕಿತ್ತು. ಈ ಸುತ್ತೋಲೆ ರಾಜ್ಯದ ಇಲಾಖೆಯನ್ನು ಕಟ್ಟಿಹಾಕುವುದಿಲ್ಲ, ಮುದ್ರಣ ಕಾಮಗಾರಿಯೂ ಅಲ್ಲ. ಆದರೂ 12 ಲಕ್ಷ ಎಲ್ಲಿ, 5 ಕೋಟಿ ಎಲ್ಲಿ ಎಂದು ಪತ್ರದಲ್ಲಿ ಪಕ್ಕಪಕ್ಕ ಬರೆದರೆ ಓದುವ ಅಧಿಕಾರಿಗೆ ಉತ್ತರ ಕೊಡುವುದು ಕಷ್ಟವಾಗುತ್ತದೆ.

‘ಇದೇ ಇಲಾಖೆಗೆ ಕೊಟ್ಟಿರಬೇಕು’ ಅನ್ನುವುದು ನಿಮ್ಮ ಗಟ್ಟಿ ಅಂಶ. ಛತ್ತೀಸಗಢದಲ್ಲಿ ಸರ್ಕಾರಿ ಶಾಲೆಗಳಿಗೆ ಕ್ರೀಡಾ ಕಿಟ್ ಒದಗಿಸುವ ಟೆಂಡರ್‌ಗೆ ಇಂಥದ್ದೇ ಷರತ್ತಿತ್ತು. ಹಿಂದಿನ ಮೂರು ವರ್ಷದಲ್ಲಿ ಅದೇ ರಾಜ್ಯದ ಸರ್ಕಾರಿ ಸಂಸ್ಥೆಗಳಿಗೆ 6 ಕೋಟಿಯ ಸಾಮಾನು ಕೊಟ್ಟಿರಬೇಕು ಎಂದು. ವಿನಿಷ್ಮಾ ಟೆಕ್ನಾಲಜೀಸ್ ಎಂಬ ಕಂಪನಿ ಪ್ರಶ್ನಿಸಿತು. ಹೈಕೋರ್ಟ್ ಒಪ್ಪಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನೇ ರದ್ದು ಮಾಡಿತು. ಸಾಮರ್ಥ್ಯ ಇದ್ದವರನ್ನೂ ಸ್ಪರ್ಧೆಯಿಂದ ಹೊರಗಿಡುತ್ತದೆ, ವ್ಯಾಪಾರ ಮಾಡುವ ಹಕ್ಕಿಗೆ ಪೆಟ್ಟು ಕೊಡುತ್ತದೆ ಎಂದಿತು. ನಕ್ಸಲ್ ಪ್ರದೇಶ, ಸ್ಥಳೀಯ ಅನುಭವ ಬೇಕು ಎಂಬ ಸರ್ಕಾರದ ವಾದ ನಿಲ್ಲಲಿಲ್ಲ. ನಿಮ್ಮದರಲ್ಲಿ ಆ ನೆಪಕ್ಕೂ ಜಾಗವಿಲ್ಲ. ರಿಜಿಸ್ಟರ್‌ಗೆ ಗೆರೆ ಹಾಕಲು ಅದೇ ಇಲಾಖೆಯ ಅನುಭವ ಯಾಕೆ ಬೇಕು?

ಮೆಷಿನ್ ಬ್ರ್ಯಾಂಡ್ ವಿಷಯ ಪತ್ರದಲ್ಲೇ ಬಗೆಹರಿಯಬಹುದು. ‘ಅಥವಾ ಅದಕ್ಕೆ ಸಮನಾದದ್ದು’ ಎಂದು ಸೇರಿಸಿ ಅಂತ ಕೇಳಿ.

ಈಗ ಕಹಿ ಭಾಗ. ಮಿಷಿಗನ್ ರಬ್ಬರ್ ಪ್ರಕರಣ ನಮ್ಮ ರಾಜ್ಯದ್ದೇ. ಕೆಎಸ್‌ಆರ್‌ಟಿಸಿ ಬಸ್ ಟೈರ್ ಟೆಂಡರ್‌ಗೆ ವಾಹನ ತಯಾರಕರಿಗೆ ಟೈರ್ ಕೊಟ್ಟ ಅನುಭವ, 500 ಕೋಟಿ ವಹಿವಾಟು ಕೇಳಿತ್ತು. ಕಂಪನಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2012ರಲ್ಲಿ ಸೋತಿತು. ಪ್ರಯಾಣಿಕರ ಸುರಕ್ಷತೆಯ ಪ್ರಶ್ನೆ ಅದು. ಷರತ್ತು ಹಾಕುವ ಸ್ವಾತಂತ್ರ್ಯ ಸರ್ಕಾರಕ್ಕೆ ಇರುತ್ತದೆ. ಮನಸೋಇಚ್ಛೆ, ದುರುದ್ದೇಶ, ತಾರತಮ್ಯ, ಪಕ್ಷಪಾತ ಕಂಡರಷ್ಟೇ ಕೋರ್ಟ್ ಕೈಹಾಕುತ್ತದೆ. ಹಾಗಾಗಿ ‘ನನ್ನ ಕೈಲಿ ಆಗಲ್ಲ’ ಎಂದು ಹೇಳಿದರೆ ಕೇಸು ಅಲ್ಲೇ ಮುಗಿಯಿತು. ‘ಈ ಕೆಲಸಕ್ಕೂ ಈ ಷರತ್ತಿಗೂ ಸಂಬಂಧವೇ ಇಲ್ಲ’ ಎಂದು ತೋರಿಸಬೇಕು.

ಈ ವಾರವೇ ಪತ್ರ ಕೊಡಿ. ಟೆಂಡರ್ ದಾಖಲೆಯಲ್ಲಿ ಪ್ರಿ-ಬಿಡ್ ಸಭೆಯ (ಬಿಡ್ ಹಾಕುವ ಮೊದಲು ಅನುಮಾನ ಕೇಳುವ ಸಭೆ) ದಿನ, ಸ್ಪಷ್ಟನೆ ಕೇಳುವ ಕೊನೇ ದಿನ ಇದೆಯಾ ನೋಡಿ, ಅದರೊಳಗೆ ಕೊಡಿ. ಟೆಂಡರ್ ಕರೆದ ಅಧಿಕಾರಿಗೆ ಮೇಲ್ ಮಾಡಿ, ಕಚೇರಿಯಲ್ಲೂ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಒಂದು ಪ್ರತಿ ಮೇಲಧಿಕಾರಿಗೂ ಹೋಗಲಿ. ಪತ್ರ ಒಂದೂವರೆ ಪುಟ ದಾಟಬಾರದು. ಯಾರಿಗೋ ಮಾಡಿಕೊಟ್ಟ ಟೆಂಡರ್ ಅಂತ ಬರೆಯಬೇಡಿ. ನಿಮಗೆ ಎಷ್ಟೇ ಖಾತ್ರಿ ಇದ್ದರೂ ಸಾಕ್ಷಿ ಬೇಕಲ್ವಾ? ಪ್ರತಿ ಷರತ್ತಿನ ಕೆಳಗೆ ಬದಲಿ ಸಾಲು ನೀವೇ ಬರೆದು ಕೊಡಿ. ಅಧಿಕಾರಿಗೆ ತಿದ್ದೋಲೆ ಹೊರಡಿಸುವ ಮನಸ್ಸಿದ್ದರೆ ಕೆಲಸ ಸುಲಭ.

ಉತ್ತರ ಬರದಿದ್ದರೆ, ಇಲ್ಲ ಅಂದರೆ, ಬಿಡ್ ತೆರೆಯುವ ಮೊದಲೇ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಿ. ಕೆಟಿಪಿಪಿ ಕಾಯ್ದೆಯ 16ನೇ ಸೆಕ್ಷನ್‌ನ 30 ದಿನಗಳ ಮೇಲ್ಮನವಿ ನಿಮ್ಮ ಈಗಿನ ಸಮಸ್ಯೆಗೆ ಮದ್ದಲ್ಲ, ಅದು ಮುಖ್ಯವಾಗಿ ಟೆಂಡರ್ ಒಪ್ಪಿಕೊಂಡ ಆದೇಶದ ವಿರುದ್ಧ ಹಾಕುವುದು.

ಪ್ರಶ್ನೆ (ಅದೇ ಸದಸ್ಯರು):
ಬಹಳ ಉಪಕಾರ ಸರ್. ಒಂದು ಅನುಮಾನ. ಸುಮ್ನೆ ಬಿಡ್ ಹಾಕಿ ನೋಡಿ, ರಿಜೆಕ್ಟ್ ಆದರೆ ಆಮೇಲೆ ಷರತ್ತು ಸರಿಯಿಲ್ಲ ಅಂತ ಹೋದರೆ? ಮತ್ತೆ, ತಕರಾರು ತೆಗೆದರೆ ಮುಂದಿನ ಕೆಲಸವನ್ನೂ ಕೊಡಲ್ಲ ಅಂತ ಮನೆಯವರ ಹೆದರಿಕೆ.

ಉತ್ತರ:
ಷರತ್ತು ಒಪ್ಪಿ ಆಟಕ್ಕೆ ಇಳಿದವರು ಸೋತ ಮೇಲೆ ನಿಯಮ ಸರಿಯಿಲ್ಲ ಅಂದರೆ ಕೋರ್ಟ್ ಸಾಮಾನ್ಯವಾಗಿ ಕೇಳುವುದಿಲ್ಲ. ತಡವೂ ಮುಳುವಾಗುತ್ತದೆ. 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ತಪ್ಪು ಮಾಡಿದೆ ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಆದರೂ ಅರ್ಜಿ ಐದು ತಿಂಗಳಿಗೂ ಹೆಚ್ಚು ತಡವಾಗಿತ್ತು, ಗುತ್ತಿಗೆ ಪಡೆದವರು ಅಷ್ಟರಲ್ಲಿ ಹಣ ಸುರಿದಿದ್ದರು. ಪರಿಹಾರ ಸಿಗಲಿಲ್ಲ.

ಹೆದರಿಕೆ ಸುಳ್ಳಲ್ಲ. ಅದಕ್ಕೇ ಪತ್ರ ಸಂಘದಿಂದ ಹೋಗಲಿ ಅನ್ನುತ್ತೇನೆ. ಗದಗ-ಬೆಟಗೇರಿಯಲ್ಲಿ ಪ್ರೆಸ್‌ಗಳಿಗೇನು ಬರವೇ? ನಾಲ್ಕು ಜನ ಸೇರಿ ಸಹಿ ಮಾಡಿ, ಇಲ್ಲವೇ ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ಮೂಲಕ ಬರೆಸಿ. ರಿಟ್‌ಗೆ ಮಾತ್ರ ಷರತ್ತಿನಿಂದ ನೇರವಾಗಿ ಪೆಟ್ಟು ತಿಂದ ಒಬ್ಬರು ಹೆಸರು ಕೊಡುವುದು ಒಳ್ಳೆಯದು.

ಪ್ರಶ್ನೆ (ಪೀಣ್ಯ, ಬಿಡಿಭಾಗ ತಯಾರಕರು):
ಸರ್, ನನ್ನದು ಕೇಂದ್ರ ಸರ್ಕಾರದ ಖರೀದಿ ಪೋರ್ಟಲ್ ಜೆಮ್‌ನಲ್ಲಿರುವ ಬಿಡ್. ಹೆಚ್ಚುವರಿ ಷರತ್ತಿನಲ್ಲಿ ‘ನಮ್ಮ ಸಂಸ್ಥೆಗೆ ಸರಬರಾಜು ಮಾಡಿದ ಅನುಭವ’ ಕೇಳಿದ್ದಾರೆ. ಇಲ್ಲೂ ಇದೇ ದಾರಿನಾ?

ಉತ್ತರ:
ನಿಮ್ಮದು ಸುಲಭ, ಆದರೆ ಗಡುವು ಬಲು ಚಿಕ್ಕದು. ಬಿಡ್ ದಾಖಲೆಯ ಕೊನೆಯ ಪುಟಗಳನ್ನು ಓದಿ. ಒಂದು ನಿರ್ದಿಷ್ಟ ಸಂಸ್ಥೆಯ ಅನುಭವ ಮಾತ್ರ ಕೇಳುವುದು, ಟೆಂಡರ್ ಶುಲ್ಕ ಕೇಳುವುದು ಇಂಥವನ್ನು ಖರೀದಿದಾರರು ಸೇರಿಸಿದ್ದರೂ ಅವು ಅಸಿಂಧು ಎಂದು ಜೆಮ್ಮೇ ಅಲ್ಲಿ ಅಚ್ಚು ಹಾಕಿರುತ್ತದೆ. ಬಿಡ್ ಪ್ರಕಟವಾದ 4 ದಿನದೊಳಗೆ ಸೆಲ್ಲರ್ ಲಾಗಿನ್‌ನಲ್ಲಿ ಆಕ್ಷೇಪಕ್ಕೆಂದೇ ಇರುವ ರೆಪ್ರೆಸೆಂಟೇಷನ್ ವಿಂಡೋದಲ್ಲಿ ಆಕ್ಷೇಪ ಹಾಕಿ. ಅದಕ್ಕೆ ಉತ್ತರ ಕೊಡದೆ ಖರೀದಿದಾರರು ಬಿಡ್ ತೆರೆಯುವ ಹಾಗಿಲ್ಲ. ಫೋನಿನಲ್ಲಿ ಹೇಳಿದ್ದೇನೆ ಅಂತ ಕೂರಬೇಡಿ, ವಿಂಡೋದಲ್ಲಿ ಹಾಕಿದ್ದಕ್ಕೆ ಮಾತ್ರ ದಾಖಲೆ. ಬಿಡ್ ಯಾವತ್ತು ಪ್ರಕಟವಾಯಿತು?