ಹಳೇ ಕಾರಿನ ಹೆಡ್‌ಲೈಟ್ ಮಸುಕಾಗಿದೆ: ಪಾಲಿಶ್ ಸಾಕಾ, ಹೊಸದೇ ಬೇಕಾ?

ಪ್ರಶ್ನೆ:
ನಮ್ಮದು 2009ರ ಸ್ವಿಫ್ಟ್. ಎರಡೂ ಹೆಡ್‌ಲೈಟ್ ಹಳದಿಯಾಗಿ ಮಂಜು ಕವಿದ ಹಾಗಿವೆ. ಅಪ್ಪ ಆಗಾಗ ತೀರ್ಥಹಳ್ಳಿಯಿಂದ ಉಡುಪಿಗೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ. ಆಗುಂಬೆ ಘಾಟಿಯಲ್ಲಿ ಮಳೆ ಹಿಡಿದರೆ ರಸ್ತೆಯ ಅಂಚೇ ಕಾಣಲ್ಲ ಅಂತಾರೆ. ಪಾಲಿಶ್ ಮಾಡಿಸಿದರೆ ಸಾಕಾ, ಹೊಸ ಸೆಟ್ಟೇ ಹಾಕಿಸಬೇಕಾ? ಮಾಡಿಸಿದವರು ದಯವಿಟ್ಟು ಹೇಳಿ.

ಶಿವಮೊಗ್ಗದಿಂದ:
ದುಡ್ಡು ಬಿಚ್ಚುವ ಮೊದಲು ಒಂದು ಮಗ್ ನೀರು ತಗೊಂಡು ಲೈಟಿನ ಮೇಲೆ ಸುರಿಯಿರಿ. ಒದ್ದೆ ಇರುವಷ್ಟು ಹೊತ್ತು ಒಳಗಿನ ಬಲ್ಬು, ಅದರ ಹಿಂದಿನ ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಸ್ಪಷ್ಟವಾಗಿ ಕಂಡರೆ ಮಸುಕು ಹೊರಮೈಯಲ್ಲೇ ಇದೆ. ಉಜ್ಜಿದರೆ ಹೋಗುತ್ತದೆ. ನೀರು ಹಾಕಿದರೂ ಹಾಗೇ ಇದ್ದರೆ ತೊಂದರೆ ಒಳಗಡೆ. ಆಗ ಹೊರಗೆ ಎಷ್ಟು ಉಜ್ಜಿದರೂ ಪ್ರಯೋಜನ ಇಲ್ಲ.

ಅಂಬಾಸಿಡರ್ ಕಾಲದ ಲೈಟಿಗೆ ಗಾಜು ಇತ್ತು, ಈ ತಾಪತ್ರಯ ಇರಲಿಲ್ಲ. ನಿಮ್ಮದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಸುಲಭಕ್ಕೆ ಒಡೆಯಲ್ಲ, ಆದರೆ ಬಿಸಿಲಿನ ಯುವಿ ಕಿರಣ ತಡೆದುಕೊಳ್ಳಲ್ಲ. ಅದಕ್ಕೇ ಫ್ಯಾಕ್ಟರಿಯಲ್ಲಿ ಮೇಲೆ ತೆಳ್ಳಗೆ ಒಂದು ಕೋಟಿಂಗ್ ಕೊಟ್ಟಿರುತ್ತಾರೆ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಆ ಕೋಟಿಂಗ್ ಎದ್ದುಹೋದ ಮೇಲೆ ಪ್ಲಾಸ್ಟಿಕ್ ಹಳದಿಗೆ ತಿರುಗುತ್ತದೆ.

ನಾನು ಮನೆಯಲ್ಲೇ ಮಾಡಿದ್ದೇನೆ. ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್) ಕೇಳಿ ತಗೊಳ್ಳಿ: 800, 1000, 1500, 2000, ಸಿಕ್ಕರೆ 3000. ನಂಬರ್ ಹೆಚ್ಚಾದಷ್ಟೂ ಪೇಪರ್ ನುಣುಪು. ಲೈಟಿನ ಸುತ್ತ ಕಾರಿನ ಬಾಡಿ ಮೇಲೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಹಚ್ಚಿ. ಬಾನೆಟ್ ಪೇಂಟಿಗೆ 800 ಪೇಪರ್ ಒಂದು ಸಲ ತಗುಲಿದರೂ ಗೀರು ಬೀಳುತ್ತದೆ. ಪೇಪರ್ ನೆನೆಸಿ, ನೀರು ಬಿಡುತ್ತಾ 800ರಿಂದ ಶುರು ಮಾಡಿ. ಮೊದಲು ಇಳಿಯುವ ನೀರು ಹಳದಿ ಇರುತ್ತದೆ, ಅದು ಹಳೇ ಕೋಟಿಂಗು. ನೀರು ಪೂರ್ತಿ ಬೆಳ್ಳಗೆ ಬರುವ ತನಕ 800 ಬಿಡಬೇಡಿ. ಇಲ್ಲಿ ಅವಸರ ಮಾಡಿದರೆ ಕೊನೆಗೆ ಅಲ್ಲಲ್ಲಿ ತೇಪೆ ಉಳಿಯುತ್ತದೆ. 800 ಅಡ್ಡಡ್ಡ ಉಜ್ಜಿದ್ದರೆ 1000 ಉದ್ದುದ್ದ ಉಜ್ಜಿ, ಮುಂದಿನ ಪೇಪರುಗಳಲ್ಲೂ ಹೀಗೇ ದಿಕ್ಕು ಬದಲಿಸುತ್ತಾ ಹೋಗಿ. ಹಿಂದಿನ ಪೇಪರಿನ ಗೀರು ಹೋಯಿತೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ. ಮಧ್ಯದಲ್ಲಿ ಲೈಟು ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ, ಗಾಬರಿ ಬೇಡ. 2000 (3000 ಸಿಕ್ಕಿದ್ದರೆ ಅದೂ) ಆದ ಮೇಲೆ ರಬ್ಬಿಂಗ್ ಕಾಂಪೌಂಡ್ (ಪಾಲಿಶ್ ಮಾಡುವ ಪೇಸ್ಟ್) ಹಾಕಿ ಬಟ್ಟೆಯಲ್ಲೋ ಬಫಿಂಗ್ ಮಿಷಿನ್‌ನಲ್ಲೋ ತಿಕ್ಕಿದರೆ ಹೊಳಪು ಬರುತ್ತದೆ. ಮಿಷಿನ್ ಆದರೆ ಒಂದೇ ಕಡೆ ನಿಲ್ಲಿಸಬೇಡಿ, ಬಿಸಿಗೆ ಪ್ಲಾಸ್ಟಿಕ್ ಹಾಳಾಗುತ್ತದೆ.

ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಕೆಲಸ ಇರೋದೇ ಇದರ ನಂತರ. ಉಜ್ಜುವಾಗ ಉಳಿದಿದ್ದ ಕೋಟಿಂಗನ್ನೂ ತೆಗೆದಿರುತ್ತೀರಿ, ಅಲ್ವಾ? ಈಗ ಬರೀ ಪ್ಲಾಸ್ಟಿಕ್ ಬಿಸಿಲಿಗೆ ಒಡ್ಡಿದೆ. ಹಾಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಹೆಡ್‌ಲೈಟಿಗೆ ಅಂತಲೇ ಬರುವ ಯುವಿ ಕೋಟಿಂಗ್ ಹಚ್ಚಲೇಬೇಕು. ವ್ಯಾಕ್ಸ್ ಲೆಕ್ಕಕ್ಕಿಲ್ಲ, ಬೇಗ ತೊಳೆದುಹೋಗುತ್ತದೆ. ಗಟ್ಟಿಯಾಗಿ ಬಾಳೋದು ಟೂ-ಕೆ ಕ್ಲಿಯರ್ ಕೋಟ್, ಅಂದರೆ ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಾರದರ್ಶಕ ಪೇಂಟ್. ಆದರೆ ಅದರ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಸಾಮಾನ್ಯ ಬಟ್ಟೆ ಮಾಸ್ಕ್ ಅದನ್ನು ತಡೆಯಲ್ಲ. ಪೇಂಟ್ ಬೂತ್ ಇರುವ ಗ್ಯಾರೇಜಿನವರಿಗೆ ಆ ಹಂತ ಒಪ್ಪಿಸಿ. ನೀವು ಪೂರ್ತಿ ಕೆಲಸ ಹೊರಗೆ ಮಾಡಿಸಿದರೂ ಕೇಳಬೇಕಾದ ಪ್ರಶ್ನೆ ಒಂದೇ: ಪಾಲಿಶ್ ಆದ ಮೇಲೆ ಯಾವ ಕೋಟಿಂಗ್ ಹಾಕ್ತೀರಿ? ಉತ್ತರ ತಡವರಿಸಿದರೆ ಬೇರೆ ಕಡೆ ಹೋಗಿ.

ಟೂತ್‌ಪೇಸ್ಟ್ ಮಂದಿ ಈಗ ಬರುತ್ತಾರೆ ಅಂತ ಗೊತ್ತು. ಟೂತ್‌ಪೇಸ್ಟ್ ಸಣ್ಣಗೆ ಉಜ್ಜುತ್ತದೆ ನಿಜ, ಸ್ವಲ್ಪ ಮಸುಕಿದ್ದರೆ ಸ್ವಲ್ಪ ದಿನ ಪರವಾಗಿಲ್ಲ. ಆದರೆ ಸೊಳ್ಳೆ ಕ್ರೀಮ್ ಹಚ್ಚೋ ವಿಡಿಯೊ ನಂಬಬೇಡಿ. ಸೊಳ್ಳೆ ಓಡಿಸಲು ಕೆಲವು ಕ್ರೀಮಿಗೆ ಹಾಕುವ ಡೀಟ್ ಥರದ ರಾಸಾಯನಿಕ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಬಹುದು. ಥಿನ್ನರ್ ಅಂತೂ ಹತ್ತಿರ ತರಲೇಬೇಡಿ, ಪ್ಲಾಸ್ಟಿಕ್ ಒಳಗೆ ಸಣ್ಣ ಸಣ್ಣ ಬಿರುಕು ಬರುತ್ತದೆ. ಒಂದು ದ್ರವವನ್ನು ಕಪ್‌ನಲ್ಲಿ ಕಾಯಿಸಿ, ಅದರ ಹಬೆ ಹಾಯಿಸಿ ಹೊಳಪು ಕೊಡುವವರೂ ಇದ್ದಾರೆ. ಆ ದ್ರವದಲ್ಲಿ ಸಾಮಾನ್ಯವಾಗಿ ಡೈಕ್ಲೋರೊಮೀಥೇನ್ ಇರುತ್ತದೆ. ಅದರ ಹಬೆ ವಿಷ, ಮನೆಯಲ್ಲಿ ಬೇಡವೇ ಬೇಡ.

ಹುಬ್ಬಳ್ಳಿಯಿಂದ, ಆಟೊ ಎಲೆಕ್ಟ್ರಿಕಲ್ ಕೆಲಸ ನಂದು:
ಮೇಲಿನವರು ಹೇಳಿದ್ದು ಸರಿ ಐತ್ರೀ. ಆದ್ರೆ ಮಸುಕೊಂದೇ ಕಾರಣ ಅಂತ ಕೂಡಬ್ಯಾಡ್ರಿ. ಎಂಜಿನ್ ಚಾಲೂ ಇಟ್ಟು, ಲೈಟ್ ಹಾಕಿ, ಬಲ್ಬಿನ ಹೋಲ್ಡರ್‌ನಾಗ ವೋಲ್ಟೇಜ್ ನೋಡಿಸ್ರಿ. ಬ್ಯಾಟರಿ ಕಡೆ 13.5 ವೋಲ್ಟ್ ಇದ್ದು ಹೋಲ್ಡರ್‌ನಾಗ 12ಕ್ಕಿಂತ ಕಮ್ಮಿ ಬಂದ್ರ ವೈರಿಂಗ್, ಸ್ವಿಚ್ ಇಲ್ಲಾ ಅರ್ಥಿಂಗ್ ತೊಂದರೆ. ರಿಲೇ (ಬ್ಯಾಟರಿಯಿಂದ ಬಲ್ಬಿಗೆ ನೇರ ಕರೆಂಟ್ ಕೊಡೋ ಸ್ವಿಚ್) ಹಾಕಿಸಿದ್ರ ಅದ ಬಲ್ಬ್ ಬೆಳ್ಳಗ ಉರಿತೈತಿ. ಬೆಳಕು ಸಾಲಂಗಿಲ್ಲ ಅಂತ 100/90 ವ್ಯಾಟಿನ (ಹೈ ಬೀಮಿಗೆ 100, ಡಿಮ್ಮಿಗೆ 90) ಬಲ್ಬ್ ಮಾತ್ರ ಹಾಕಿಸಬ್ಯಾಡ್ರಿ. ಈ ಗಾಡಿಗೆ 60/55 ವ್ಯಾಟಿನ ಎಚ್4 ಅನ್ನೋ ನಮೂನಿ ಬಲ್ಬ್. ಜಾಸ್ತಿ ವ್ಯಾಟಿಗೆ ಹೋಲ್ಡರ್ ಕರಗಿದ್ದು, ರಿಫ್ಲೆಕ್ಟರ್ ಸುಟ್ಟು ಕಪ್ಪಾಗಿದ್ದು ನನ್ನ ಕಡೆ ಬರತಾನ ಇರ್ತಾವ.

ಮಂಗಳೂರಿನಿಂದ:
ನಮ್ಮದು ಹಳೇ ವ್ಯಾಗನ್‌ಆರ್. ಪಾಲಿಶ್ ಮಾಡಿಸದೆ ನೇರವಾಗಿ ಹೊಸ ಸೆಟ್ ಹಾಕಿಸಿದೆವು. ಕಾರಣ ಇಷ್ಟೇ: ಮಳೆಗಾಲದಲ್ಲಿ ಒಳಗೆ ಹನಿ ಕಟ್ಟುತ್ತಿತ್ತು. ಹಿಂದಿನ ರಬ್ಬರ್ ಕವರ್ ಬದಲಾಯಿಸಿದರೂ ನಿಲ್ಲಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಬಲ್ಬಿನ ಮೇಲ್ಗಡೆ ಸುಲಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಅದು ಹೋದ ಮೇಲೆ ಎದುರಿನ ಪ್ಲಾಸ್ಟಿಕ್ ಎಷ್ಟು ಹೊಳೆದರೂ ಬೆಳಕು ರಸ್ತೆಗೆ ಬೀಳಲ್ಲ. ನಿಮ್ಮದರಲ್ಲೂ ಹಾಗಿದ್ದರೆ ಪಾಲಿಶ್‌ಗೆ ಹಾಕುವ ದುಡ್ಡು ದಂಡ.

ಕೊಳ್ಳುವಾಗ ಮೊದಲು ಕಂಪನಿ ಪಾರ್ಟ್ಸ್ ಕೌಂಟರಿನಲ್ಲಿ ರೇಟ್ ಕೇಳಿ, ಆಮೇಲೆ ಹೊರಗಿನ ಅಂಗಡಿ ನೋಡಿ. ಬೆಂಗಳೂರಿಗೆ ಹೋಗುವವರಿದ್ದರೆ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆಸಿ ರಸ್ತೆಯಲ್ಲಿ ಒಂದು ಸುತ್ತು ಹಾಕಬಹುದು. ತೀರಾ ಅಗ್ಗದ ಡೂಪ್ಲಿಕೇಟ್ ಬೇಡ. ನಮ್ಮ ಪಕ್ಕದ ಮನೆಯವರು ಹಾಕಿಸಿದ್ದಾರೆ, ಗೋಡೆ ಮೇಲೆ ಬಿಟ್ಟರೆ ಬೆಳಕು ಚೆಲ್ಲಾಪಿಲ್ಲಿ, ಡಿಮ್‌ನಲ್ಲೂ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಎರಡೂ ಕಡೆಯದನ್ನು ಒಟ್ಟಿಗೆ ಬದಲಾಯಿಸಿ, ಇಲ್ಲದಿದ್ದರೆ ಒಂದು ಕಡೆ ಬೆಳಕು ಜಾಸ್ತಿ, ಒಂದು ಕಡೆ ಕಮ್ಮಿ.

ಇನ್ನೊಂದು ವಿಷಯ. 2009ರ ಗಾಡಿ ಅಂದರೆ 15 ವರ್ಷ ದಾಟಿದೆ. ಆರ್‌ಸಿ ರಿನ್ಯೂವಲ್‌ಗೆ ತೋರಿಸುವಾಗ ಲೈಟನ್ನೂ ನೋಡುತ್ತಾರೆ. ಅದು ಬಾಕಿ ಇದ್ದರೆ ಲೈಟಿನ ಕೆಲಸ ಮೊದಲು ಮುಗಿಸಿ.

ಶಿವಮೊಗ್ಗದಿಂದ, ಮತ್ತೆ:
ಮಂಗಳೂರಿನವರು ಹೇಳಿದ ಟಾರ್ಚ್ ಪರೀಕ್ಷೆಯನ್ನೂ ಮಾಡಿ. ರಿಫ್ಲೆಕ್ಟರ್ ಹೋಗಿದ್ದರೆ ನಾನೂ ಹೊಸದೇ ಹಾಕಿಸಿ ಅಂತೀನಿ. ರಿಫ್ಲೆಕ್ಟರ್ ಚೆನ್ನಾಗಿದ್ದು ಹೊರಗೆ ಮಾತ್ರ ಹಳದಿ ಇದ್ದರೆ ಪಾಲಿಶ್ ಮತ್ತು ಕೋಟಿಂಗ್ ಧಾರಾಳ ಸಾಕು.

ಯಾವುದೇ ಮಾಡಿಸಿದರೂ ಲೈಟಿನ ಎತ್ತರ ಸರಿ ಮಾಡಿಸದೆ ಅಪ್ಪನ ಕೈಗೆ ಗಾಡಿ ಕೊಡಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಏರಿಸಿ ಇಳಿಸುವ ಚಕ್ರ ಇದ್ದರೆ ಸೊನ್ನೆಗೆ ಇಡಿ. ಟೈರ್ ಗಾಳಿ ಸರಿ ಇರಲಿ, ಡ್ರೈವರ್ ಸೀಟಲ್ಲಿ ಒಬ್ಬರು ಕೂತಿರಲಿ. ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿ. ಗೋಡೆ ಮೇಲೆ ಬೆಳಕಿನ ಮೇಲಿನ ಗೆರೆ ಬಲ್ಬಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಎಡಗಡೆ ಗೆರೆ ಸ್ವಲ್ಪ ಮೇಲಕ್ಕೆ ಏರುತ್ತದೆ, ಅದು ಹಾಗೇ ಇರಬೇಕಾದದ್ದು. ಘಾಟಿಯಲ್ಲಿ ರಸ್ತೆಯ ಅಂಚು ತೋರಿಸೋದು ಅದೇ.